ಚಳಿಗೆ ಬಂದ ಅಪವಾದ

ಶಿವಮೊಗ್ಗದಲ್ಲಿ ದೀಪಾವಳಿ ಕಳೆದು ಹದಿನೈದು ದಿನವಾದರೆ ಸಾಕು, ಎಲ್ಲದಕ್ಕೂ ಚಳಿಯೇ ಹೊಣೆ. ಮಗು ಸ್ಕೂಲಿಗೆ ತಡವಾಗಿ ಹೋಯಿತೇ, ಚಳಿ. ಪೇಪರ್ ಹುಡುಗ ಬರಲಿಲ್ಲವೇ, ಚಳಿ. ಅಜ್ಜಿಗೆ ಸೊಂಟ ಹಿಡಿದುಕೊಂಡಿತೇ, ಚಳಿ. ಇವನ್ನೆಲ್ಲ ಒಪ್ಪಬಹುದು. ಆದರೆ ಮನೆ ಮುಂದೆ ನಿಂತ ಹಳೇ ಡೀಸೆಲ್ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗದೆ ಹೋದಾಗ ಅದರ ಯಜಮಾನರು ಬಾನೆಟ್ ಎತ್ತಿ, ಒಮ್ಮೆ ಒಳಗೆ ಇಣುಕಿ, ಮಫ್ಲರ್ ಬಿಗಿ ಮಾಡಿಕೊಂಡು, "ಚಳಿ ನೋಡಿ, ಅದಕ್ಕೇ" ಎಂದು ತೀರ್ಪು ಕೊಟ್ಟುಬಿಡುತ್ತಾರಲ್ಲ, ಅಲ್ಲಿ ನನ್ನ ತಕರಾರಿದೆ. ನಾನು ಬೆಳೆದದ್ದು ಭದ್ರಾವತಿಯಲ್ಲಿ, ಇರುವುದು ಶಿವಮೊಗ್ಗದಲ್ಲಿ. ಎರಡೂ ಊರಿನ ಚಳಿಯನ್ನು ಚೆನ್ನಾಗಿ ಬಲ್ಲೆ. ಸರಿಯಾಗಿರುವ ಡೀಸೆಲ್ ಇಂಜಿನ್ನನ್ನು ನಿಲ್ಲಿಸುವಷ್ಟು ತಾಕತ್ತು ಅದಕ್ಕಿಲ್ಲ.

ನಮ್ಮ ಚಳಿ ಎಷ್ಟರದು ಹೇಳಿ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದ ಊರು. ಡಿಸೆಂಬರ್ ಕೊನೆಗೆ, ಜನವರಿ ಮೊದಲಿಗೆ ತುಂಗೆಯ ಮೇಲೆ ಮಂಜು ಕೂರುತ್ತದೆ; ಹಳೇ ಸೇತುವೆಯ ಮೇಲೆ ಎದುರಿಗೆ ಬರುವ ಸೈಕಲ್ಲು ಪಕ್ಕಕ್ಕೆ ಬರುವ ತನಕ ಕಾಣುವುದಿಲ್ಲ. ಆ ಹೊತ್ತಿಗೆ 13-14 ಡಿಗ್ರಿಗೆ ಇಳಿದರೆ ನಾವು ಸ್ವೆಟರಿನ ಮೇಲೆ ಶಾಲು ಹೊದೆಯುತ್ತೇವೆ. ಡೀಸೆಲ್‌ಗೆ ಅದು ಲೆಕ್ಕಕ್ಕೇ ಇಲ್ಲ. ನಮ್ಮ ದೇಶದ ಡೀಸೆಲ್ ಮಾನಕ ಐಎಸ್ 1460ರ ಪ್ರಕಾರ ಚಳಿಗಾಲದ ಡೀಸೆಲ್ 3 ಡಿಗ್ರಿಯವರೆಗೂ ಹರಿಯುವ ಗುಣ ಉಳಿಸಿಕೊಂಡಿರಬೇಕು. ಟ್ಯಾಂಕಿನಲ್ಲಿ ಡೀಸೆಲ್ ಗಟ್ಟಿಯಾಗುವುದು ನಿಜವಾದ ಕಷ್ಟ, ಆದರೆ ಅದು ಲಡಾಖಿನವರ ಕಷ್ಟ. ಅವರಿಗಾಗಿ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಬೇರೆಯೇ ಡೀಸೆಲ್ಲನ್ನು ಮಾರುಕಟ್ಟೆಗೆ ತಂದಿತು. ಶಿವಮೊಗ್ಗದ ವಿನೋಬನಗರದಲ್ಲಿ ನಿಂತ ಜೀಪಿನ ಟ್ಯಾಂಕಿನಲ್ಲಿ ಡೀಸೆಲ್ ಹೆಪ್ಪುಗಟ್ಟಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಾದರೆ ಬೆಳಿಗ್ಗೆ ಹೊತ್ತೇ ಏಕೆ ತಕರಾರು? ಇದಕ್ಕೆ ಉತ್ತರ ಬೇಕಾದರೆ ರುಡಾಲ್ಫ್ ಡೀಸೆಲ್ ಎಂಬ ಪುಣ್ಯಾತ್ಮನ ತಲೆಯೊಳಗೆ ಹೊಕ್ಕು ಬರಬೇಕು. 1858ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಜರ್ಮನ್ ಇಂಜಿನಿಯರ್. ಪೆಟ್ರೋಲ್ ಇಂಜಿನ್ನಿಗೆ ಕಿಡಿ ಬೇಕು, ಕಿಡಿಗೆ ಪ್ಲಗ್ ಬೇಕು. ಈತ ಕಿಡಿಯೇ ಬೇಡ ಎಂದ. ಗಾಳಿಯನ್ನು ಸಾಕಷ್ಟು ಒತ್ತಿದರೆ ಅದೇ ಬೆಂಕಿಯಷ್ಟು ಕಾಯುತ್ತದೆ, ಅದರೊಳಗೆ ಎಣ್ಣೆಯನ್ನು ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ ಎಂಬುದು ಅವನ ಹಟ. 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ಅದನ್ನು ಓಡಿಸಿ ತೋರಿಸಿದ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಕೈಗೆ ಬಿಸಿ ತಾಗುತ್ತದಲ್ಲ, ಅದೇ ಬಿಸಿ ಇದು. ಇಂಜಿನ್ನಿನಲ್ಲಿ ಗಾಳಿಯನ್ನು ಹದಿನೆಂಟು, ಇಪ್ಪತ್ತು ಪಟ್ಟು ಒತ್ತಿದಾಗ ಅದರ ಬಿಸಿ 500 ಡಿಗ್ರಿ ದಾಟುತ್ತದೆ. ಡೀಸೆಲ್ ಹೊತ್ತಿಕೊಳ್ಳಲು ಇನ್ನೂರು ಚಿಲ್ಲರೆ ಡಿಗ್ರಿ ಸಾಕು. ಲೆಕ್ಕದಲ್ಲಿ ಧಾರಾಳ ಉಳಿತಾಯವಿದೆ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಇಂಥ ಒಂದು ಇಂಜಿನ್ ಕಡಲೆಕಾಯಿ ಎಣ್ಣೆಯಲ್ಲೇ ಓಡಿತು. ಇಷ್ಟೆಲ್ಲ ಮಾಡಿದ ಮನುಷ್ಯ 1913ರ ಸೆಪ್ಟೆಂಬರಿನ ಒಂದು ರಾತ್ರಿ ಇಂಗ್ಲೆಂಡಿಗೆ ಹೋಗುವ ಹಡಗಿನಿಂದ ಕಾಣೆಯಾಗಿಬಿಟ್ಟ. ಅವನ ಹೆಸರು ಮಾತ್ರ ನಮ್ಮ ಪ್ರತಿ ಪೆಟ್ರೋಲ್ ಬಂಕಿನಲ್ಲೂ ಇದೆ.

ಉಳಿತಾಯ ಧಾರಾಳ ಎಂದೆ. ಅದು ಸೋರಿಹೋಗುವುದು ಹೇಗೆ ಎಂಬುದೇ ಬೆಳಗಿನ ಕಥೆ. ಇಂಜಿನ್ನು ಬೇಗ ಬೇಗ ತಿರುಗಿದರೆ ಒತ್ತಿದ ಗಾಳಿಯ ಬಿಸಿ ಗಾಳಿಯಲ್ಲೇ ಉಳಿಯುತ್ತದೆ. ನಿಧಾನವಾಗಿ ತಿರುಗಿದರೆ ಆ ಬಿಸಿಯೆಲ್ಲ ಸುತ್ತಲಿನ ತಣ್ಣನೆ ಕಬ್ಬಿಣಕ್ಕೆ ಇಳಿದುಹೋಗುತ್ತದೆ. ಸವೆದ ಪಿಸ್ಟನ್ ರಿಂಗಿನ ಸಂದಿಯಲ್ಲಿ ಗಾಳಿಯೂ ಕೆಳಗೆ ಜಾರುತ್ತದೆ. ಸೆಲ್ಫ್ ನಿಧಾನ ತಿರುಗುವುದೇಕೆ? ಬ್ಯಾಟರಿ ಬಡವಾಗಿರುತ್ತದೆ, ಇಂಜಿನ್ ಆಯಿಲ್ ದಪ್ಪಗಾಗಿರುತ್ತದೆ. ತಂಪಿಗೆ ಬ್ಯಾಟರಿ ಸ್ವಲ್ಪ ಕುಗ್ಗುವುದೂ ನಿಜ, ಆಯಿಲ್ ದಪ್ಪಗಾಗುವುದೂ ನಿಜ. ಆದರೆ ಗಟ್ಟಿ ಬ್ಯಾಟರಿ, ಒಳ್ಳೆಯ ರಿಂಗು, ಸರಿಯಾದ ಆಯಿಲ್ ಇರುವ ಇಂಜಿನ್ನು ನಮ್ಮ ಹದಿಮೂರು ಡಿಗ್ರಿಯನ್ನು ಸಲೀಸಾಗಿ ದಾಟುತ್ತದೆ. ದಾಟದಿದ್ದರೆ ಒಳಗೆ ಏನೋ ಹೋಗಿದೆ. ಚಳಿ ಇಲ್ಲಿ ಸಾಕ್ಷಿಯೇ ಹೊರತು ಅಪರಾಧಿಯಲ್ಲ.

ಇನ್ನು ಹೀಟರಿನ ವಿಷಯ. ಹಳೆಯ ಕಾರು, ಜೀಪುಗಳ ಡೀಸೆಲ್ ಇಂಜಿನ್ನುಗಳಲ್ಲಿ ಎಣ್ಣೆ ನೇರವಾಗಿ ಪಿಸ್ಟನ್ನಿನ ಮೇಲೆ ಬೀಳುತ್ತಿರಲಿಲ್ಲ. ಪಕ್ಕದಲ್ಲೊಂದು ಪುಟ್ಟ ಗೂಡು, ಮೊದಲು ಅದರೊಳಗೆ ಹೊತ್ತಿಕೊಂಡು ಆಮೇಲೆ ಈಚೆಗೆ ಬರಬೇಕು. ಇದರಿಂದ ಸದ್ದು ಕಡಿಮೆ, ಓಟ ಮೃದು. ಆದರೆ ಆ ಗೂಡಿನ ಗೋಡೆಗಳು ತಣ್ಣಗಿದ್ದಾಗ ಗಾಳಿಯ ಬಿಸಿಯನ್ನೆಲ್ಲ ಹೀರಿಬಿಡುತ್ತವೆ. ಅದಕ್ಕೇ ಪ್ರತಿ ಗೂಡಿಗೂ ಒಂದೊಂದು ಹೀಟರ್ ಪ್ಲಗ್. ಡೀಸೆಲ್ ಅಂಬಾಸಿಡರಿಗೆ ಅದಿತ್ತು, ಪ್ಯೂಜೋ ಇಂಜಿನ್ನಿನ ಮಹೀಂದ್ರ ಜೀಪಿಗಿತ್ತು, 1994ರಲ್ಲಿ ಬಂದ ಟಾಟಾ ಸುಮೋಗೂ ಇತ್ತು. ತೀರಾ ಹಳೆಯ ಕೆಲವು ಇಂಜಿನ್ನುಗಳಲ್ಲಿ ಹೀಟರುಗಳನ್ನು ಸರಣಿಯಲ್ಲಿ ಜೋಡಿಸಿರುತ್ತಿದ್ದರು. ಒಂದು ಸುಟ್ಟರೆ ನಾಲ್ಕೂ ಸತ್ತವು. ಆಮೇಲಿನವುಗಳಲ್ಲಿ ಬೇರೆ ಬೇರೆ. ಅಲ್ಲಿ ಒಂದು ಸತ್ತರೆ ಉಳಿದ ಮೂರು ಇಂಜಿನ್ನನ್ನು ಎಬ್ಬಿಸುತ್ತವೆ, ಗಾಡಿ ಒಂದೆರಡು ನಿಮಿಷ ಗಡಗಡ ನಡುಗಿ ಬಿಳಿ ಹೊಗೆ ಬಿಟ್ಟು ಸರಿಹೋಗುತ್ತದೆ. ಸರಿಹೋಯಿತಲ್ಲ ಎಂದು ಯಜಮಾನರು ಮರೆಯುತ್ತಾರೆ. ಮುಂದಿನ ವರ್ಷಕ್ಕೆ ಇನ್ನೊಂದು ಸಾಯುತ್ತದೆ. ಆಗ ಚಳಿ ಹೆಚ್ಚಾಯಿತು ಎನ್ನುತ್ತಾರೆ.

ನಮ್ಮ ದೊಡ್ಡಪ್ಪನವರ ಬಳಿ ಒಂದು ಡೀಸೆಲ್ ಅಂಬಾಸಿಡರ್ ಇತ್ತು. 1489 ಸಿಸಿ ಇಂಜಿನ್ನು. ಭದ್ರಾವತಿಯ ನ್ಯೂಟೌನ್ ಕ್ವಾರ್ಟರ್ಸಿನಲ್ಲಿ, ಹೊಂಗೆಮರದ ಕೆಳಗೆ ಅದರ ಜಾಗ. ಅವರು ಊರಿನ ಕಬ್ಬಿಣದ ಕಾರ್ಖಾನೆಯ ಫೌಂಡ್ರಿ ಕಡೆ ಕೆಲಸದಲ್ಲಿದ್ದವರು, ಕಬ್ಬಿಣ ಬಿಸಿಯಾಗುವುದಕ್ಕೆ ಎಷ್ಟು ತಾಳ್ಮೆ ಬೇಕೆಂದು ಬಲ್ಲವರು. ಶಿವಮೊಗ್ಗಕ್ಕೆ ಮದುವೆಗೋ ಆಸ್ಪತ್ರೆಗೋ ಬೆಳಿಗ್ಗೆ ಹೊರಡುವುದಿದ್ದರೆ ನಮ್ಮನ್ನೆಲ್ಲ ಒಳಗೆ ಕೂರಿಸಿ, "ಸುಮ್ನೆ ಕೂತ್ಕೊಳ್ರೋ, ಒಂದ್ನಿಮಿಷ" ಎನ್ನುತ್ತಿದ್ದರು. ಹೀಟರ್ ಸ್ವಿಚ್ಚು ಹಾಕಿ ತುಟಿಯಲ್ಲೇ ಎಣಿಸುತ್ತಿದ್ದರು. ಎಣಿಕೆ ಮುಗಿಯುವ ತನಕ ದೊಡ್ಡಮ್ಮನೂ ಮಾತಾಡುವಂತಿಲ್ಲ. ಆಮೇಲೆ ಕ್ಲಚ್ಚನ್ನು ಪೂರ್ತಿ ಒತ್ತಿ ಸೆಲ್ಫ್ ಹೊಡೆಯುತ್ತಿದ್ದರು. ಗಾಡಿ ನ್ಯೂಟ್ರಲಿನಲ್ಲೇ ಇರುವಾಗ ಕ್ಲಚ್ ಏಕೆ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು: "ಗೇರ್‌ಬಾಕ್ಸಿನ ಆಯಿಲ್ ರಾತ್ರಿಯೆಲ್ಲ ಗಟ್ಟಿಯಾಗಿರುತ್ತೆ. ಅದನ್ನೂ ತಿರುಗಿಸು ಅಂತ ಬ್ಯಾಟರಿಗೆ ಯಾಕೆ ಹೇಳ್ಬೇಕು?" ಇಂಜಿನ್ನು ಹಿಡಿದುಕೊಂಡ ಮೇಲೂ ಅವರು ರೇಸ್ ಕೊಡುತ್ತಿರಲಿಲ್ಲ. ಇಳಿದು ಗಾಜಿನ ಇಬ್ಬನಿಯನ್ನು ಹಳೇ ಪೇಪರಿನಲ್ಲಿ ಒರೆಸಿ ಬಂದು, ಮೆಲ್ಲಗೆ ಹೊರಡುತ್ತಿದ್ದರು. ಜನ್ನಾಪುರ ದಾಟುವ ತನಕ ಮೂರನೇ ಗೇರಿಗಿಂತ ಮೇಲೆ ಹೋಗುತ್ತಿರಲಿಲ್ಲ. ಆ ಕಾರು ಚಳಿಗೆ ಎಂದೂ ಕೈಕೊಟ್ಟಿದ್ದು ನನಗೆ ನೆನಪಿಲ್ಲ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಅಂಥ ತಾಳ್ಮೆಯ ಡ್ರೈವರುಗಳು ಇನ್ನೂ ಅಲ್ಲಲ್ಲಿ ಇದ್ದಾರೆ.

ಭದ್ರಾವತಿಯ ಮಾತು ಬಂದ ಮೇಲೆ ಇನ್ನೊಂದು ಹೇಳದೆ ಮುಂದೆ ಹೋಗಲಾರೆ. ಆ ಊರಿನ ಹಳೆಯ ಹೆಸರು ಬೆಂಕಿಪುರ. 1918ರಲ್ಲಿ ವಿಶ್ವೇಶ್ವರಯ್ಯನವರ ಯೋಜನೆಯ ಮೇಲೆ ಮೈಸೂರು ಸಂಸ್ಥಾನ ಅಲ್ಲಿ ಕಬ್ಬಿಣದ ಕಾರ್ಖಾನೆಗೆ ಕೈ ಹಾಕಿತು. ಕಲ್ಲಿದ್ದಲು ಎಷ್ಟೋ ದೂರದಿಂದ ಬರಬೇಕು, ಮಲೆನಾಡಿನಲ್ಲಿ ಕಾಡಿದೆ. ಆದ್ದರಿಂದ ಸೌದೆ ಸುಟ್ಟು ಇದ್ದಿಲು ಮಾಡಿ, ಆ ಇದ್ದಿಲಿನಿಂದ ಕಬ್ಬಿಣ ಕರಗಿಸುವ ಊದುಕುಲುಮೆ ಕಟ್ಟಿದರು. 1923ರಲ್ಲಿ ಕುಲುಮೆ ಹೊತ್ತಿತು. ಕೆಮ್ಮಣ್ಣುಗುಂಡಿಯಿಂದ ಅದಿರು, ಸುತ್ತಲಿನ ಕಾಡಿನಿಂದ ಸೌದೆ. ಇಂದು ಆ ಕಾಡನ್ನು ನೆನೆದರೆ ಹೊಟ್ಟೆ ಉರಿಯುತ್ತದೆ, ಅದು ಬೇರೆ ಮಾತು.

ನಾನು ಹೇಳಹೊರಟದ್ದು ಇದ್ದಿಲಿನ ಇನ್ನೊಂದು ಉಪಯೋಗ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡಿದವು. ಬಸ್ಸಿನ ಹಿಂದೆ ಹಂಡೆಯಷ್ಟು ದೊಡ್ಡ ಒಲೆ, ಅದರ ಪಕ್ಕ ಗ್ಯಾಸ್ ಶೋಧಿಸುವ ಡಬ್ಬಿಗಳು. ಆ ಬಸ್ಸನ್ನು ಬೆಳಿಗ್ಗೆ ಹೊರಡಿಸುವುದನ್ನು ಹಿಂದಿನವರು ಹೇಳಬೇಕು, ನಾವು ಕೇಳಬೇಕು. ಕ್ಲೀನರ್ ಬೆಳಕು ಹರಿಯುವ ಮೊದಲೇ ಎದ್ದು ಒಲೆಯ ಬೂದಿ ತೆಗೆದು, ಇದ್ದಿಲು ತುಂಬಿ, ಬೆಂಕಿ ಹಚ್ಚಿ, ಕೈಯಿಂದ ತಿರುಗಿಸುವ ಬೀಸಣಿಗೆಯನ್ನು ರೆಟ್ಟೆ ಸೋಲುವ ತನಕ ತಿರುಗಿಸಬೇಕು. ಬರುವ ಗ್ಯಾಸಿಗೆ ಕಡ್ಡಿ ಗೀರಿ ಹಿಡಿದು, ಅದು ನಿಂತು ಉರಿದರೆ ಗ್ಯಾಸ್ ತಯಾರು. ಆಮೇಲೆ ಮುಂದಕ್ಕೆ ಹೋಗಿ ಹ್ಯಾಂಡಲ್ ಹೊಡೆಯಬೇಕು. ಆ ಗ್ಯಾಸಿನಲ್ಲಿರುವುದು ಇಂಗಾಲದ ಮಾನಾಕ್ಸೈಡ್, ಮುಚ್ಚಿದ ಶೆಡ್ಡಿನಲ್ಲಿ ಉಸಿರಾಡಿದರೆ ಜೀವಕ್ಕೇ ಅಪಾಯ. ಹೊನ್ನಾವರದ ಕಡೆಗೆ ಹೋಗುವ ಬಿ.ಎಚ್. ರಸ್ತೆಯಲ್ಲಿ, ಏರು ಬಂದಲ್ಲೆಲ್ಲ ಪ್ರಯಾಣಿಕರು ಇಳಿದು ನಡೆಯುತ್ತಿದ್ದ ಕಾಲ. ಅದಕ್ಕೆ ಹೋಲಿಸಿದರೆ ದೊಡ್ಡಪ್ಪನವರ ಹೀಟರಿನ ಎಣಿಕೆ ಏನೇನೂ ಅಲ್ಲ. ಯುದ್ಧದ ನಂತರ ಡೀಸೆಲ್ ಲಾರಿ, ಬಸ್ಸು ಬಂದಾಗ ಮಲೆನಾಡಿನ ಜನ ಅದನ್ನು ಪ್ರೀತಿಯಿಂದ ಬರಮಾಡಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಲಾರಿ, ಬಸ್ಸುಗಳ ರೀತಿಯೇ ಬೇರೆ. ಟಾಟಾ, ಲೇಲ್ಯಾಂಡುಗಳ ದೊಡ್ಡ ಇಂಜಿನ್ನುಗಳಲ್ಲಿ ಎಣ್ಣೆ ನೇರ ಪಿಸ್ಟನ್ ಮೇಲೆ ಬೀಳುವುದರಿಂದ ಹೀಟರ್ ಬೇಕಿಲ್ಲ. ಕಂಪ್ರೆಷನ್ ಇದ್ದರೆ ಆಯಿತು, ಇಲ್ಲದಿದ್ದರೆ ತಳ್ಳುವ ಕೈಗಳು. ಮಲೆನಾಡಿನ ಹಳ್ಳಿಗಳಲ್ಲಿ ರಾತ್ರಿ ಉಳಿಯುವ ಹಾಲ್ಟಿಂಗ್ ಬಸ್ಸುಗಳನ್ನು ಕಂಡವರಿಗೆ ಇದು ಗೊತ್ತು. ಸಂಜೆ ಶಿವಮೊಗ್ಗದಿಂದ ಹೊರಟ ಬಸ್ಸು ತೀರ್ಥಹಳ್ಳಿ ಕಡೆಯ, ಹೊಸನಗರ ಕಡೆಯ ಯಾವುದೋ ಊರಿನ ಕೊನೆಯಲ್ಲಿ ನಿಲ್ಲುತ್ತದೆ. ಡ್ರೈವರು, ಕಂಡಕ್ಟರು ಸೀಟಿನ ಮೇಲೇ ಮಲಗುತ್ತಾರೆ. ಅನುಭವಸ್ಥ ಡ್ರೈವರ್ ಬಸ್ಸನ್ನು ಇಳಿಜಾರಿನಲ್ಲೇ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿಸುತ್ತಾನೆ. ಬೆಳಿಗ್ಗೆ ಸೆಲ್ಫ್ ತಗೊಳ್ಳದಿದ್ದರೆ ಕಲ್ಲು ತೆಗೆಸಿ, ಎರಡನೇ ಗೇರಿಗೆ ಹಾಕಿ, ಒಂದಿಷ್ಟು ಉರುಳಿದ ಮೇಲೆ ಕ್ಲಚ್ ಬಿಟ್ಟರೆ ಇಂಜಿನ್ ಹಿಡಿದುಕೊಳ್ಳುತ್ತದೆ. ಇಳಿಜಾರಿಲ್ಲದ ಊರಾದರೆ ಕಾಲೇಜು ಹುಡುಗರು, ಸಂತೆಗೆ ಹೊರಟವರು, ಆಸ್ಪತ್ರೆಗೆ ಹೊರಟವರ ಮನೆಯವರು, ಎಲ್ಲರೂ ಹಿಂದೆ ಸೇರುತ್ತಾರೆ. ಆ ಬಸ್ಸು ಹೊರಡದಿದ್ದರೆ ಊರಿಗೆ ಊರೇ ಅಂದಿನ ದಿನ ಕಳೆದುಕೊಳ್ಳುತ್ತದೆ. ಕೊಪ್ಪದ ಸಹಕಾರ ಸಾರಿಗೆಯಲ್ಲಿ 1991ರಿಂದ ನೌಕರರೇ ಮಾಲೀಕರಾಗಿ ಇಂಥ ದಾರಿಗಳಲ್ಲಿ ಬಸ್ಸು ಓಡಿಸಿದರು, 2020ರಲ್ಲಿ ಅದು ನಿಂತಿತು. ಬೆಳಗಿನ ಮೊದಲ ಬಸ್ಸಿಗಾಗಿ ಕಾದು ಓದಿದ ಒಂದು ತಲೆಮಾರು ಆ ಡ್ರೈವರುಗಳ ಋಣದಲ್ಲಿದೆ. ನಾನು ಇದನ್ನು ಮನಸ್ಸಿನಿಂದ ಹೇಳುತ್ತಿದ್ದೇನೆ.

ತಳ್ಳುವ ವಿಷಯದಲ್ಲಿ ಒಂದು ಎಚ್ಚರ ಬೇಕೇ ಬೇಕು. ಇಂಜಿನ್ನು ಓಡದೆ ಇರುವಾಗ ಬ್ರೇಕಿಗೆ ಬಲವಿರುವುದಿಲ್ಲ. ಜೀಪು, ಕಾರಿನಲ್ಲಿ ಬ್ರೇಕಿಗೆ ಸಹಾಯ ಮಾಡುವ ವ್ಯಾಕ್ಯೂಮನ್ನು ಇಂಜಿನ್ನೇ ಎಬ್ಬಿಸಬೇಕು. ಬಸ್ಸು, ಲಾರಿಯಲ್ಲಿ ಗಾಳಿ ತುಂಬಬೇಕು. ರಾತ್ರಿ ಗಾಳಿ ಇಳಿದುಹೋದ ಬಸ್ಸನ್ನು ಇಳಿಜಾರಿನಲ್ಲಿ ಬಿಟ್ಟರೆ, ಇಂಜಿನ್ನು ಹಿಡಿಯದೆ ಹೋದರೆ, ಮುಂದೆ ಏನಿದೆ ಎಂಬುದರ ಮೇಲೆ ಜೀವ ನಿಂತಿರುತ್ತದೆ. ಮಕ್ಕಳನ್ನಂತೂ ತಳ್ಳುವುದಕ್ಕೆ ಕರೆಯಲೇಬೇಡಿ.

ಅಡಿಕೆ ಕೊಯ್ಲೂ ಇದೇ ಚಳಿಯಲ್ಲೇ ಬರುತ್ತದೆ. ತೋಟದಿಂದ ಗೊನೆ ಸಾಗಿಸುವ ಟಿಲ್ಲರಿನ ಒಂಟಿ ಸಿಲಿಂಡರಿಗೆ ಸೆಲ್ಫ್ ಇಲ್ಲ, ಹ್ಯಾಂಡಲ್ಲೇ ಗತಿ. ಅದರಲ್ಲಿ ಕಂಪ್ರೆಷನ್ ಬಿಡುವ ಒಂದು ಸಣ್ಣ ಲಿವರ್ ಇರುತ್ತದೆ. ಅದನ್ನು ಎತ್ತಿ ಹಿಡಿದು, ಹ್ಯಾಂಡಲ್ಲನ್ನು ಜೋರಾಗಿ ತಿರುಗಿಸಿ ವೇಗ ಬಂದ ಮೇಲೆ ಲಿವರ್ ಬಿಟ್ಟರೆ ಡಬ್ ಡಬ್ ಎಂದು ಏಳುತ್ತದೆ. ವೇಗ ಬರುವ ತನಕ ಒತ್ತಡ ಬೇಡ, ಬಂದ ಮೇಲೆ ಪೂರ್ತಿ ಬೇಕು. ಡೀಸೆಲ್ ಸಾಹೇಬನ ಸಿದ್ಧಾಂತವನ್ನು ನಮ್ಮ ತೋಟದ ಆಳು ದಿನಾ ಬೆಳಿಗ್ಗೆ ರೆಟ್ಟೆಯಲ್ಲಿ ಅನುಭವಿಸುತ್ತಾನೆ.

ಚಳಿ ತಪ್ಪಿತಸ್ಥನಲ್ಲ ಎಂದು ನನಗೆ ಮನದಟ್ಟು ಮಾಡಿಸಿದವರು ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಒಬ್ಬ ಮೇಸ್ತ್ರಿ. ಜನವರಿಯ ಒಂದು ಬೆಳಿಗ್ಗೆ ಅಲ್ಲಿಗೆ ಒಬ್ಬರು ಹಳೇ ಜೀಪನ್ನು ಎಳೆಸಿಕೊಂಡು ಬಂದರು. ಬಂದವರೇ ಚಳಿಯ ವರದಿ ಒಪ್ಪಿಸಿದರು. ಮೇಸ್ತ್ರಿ ಚಹಾ ಕುಡಿಯುತ್ತ ಎಲ್ಲ ಕೇಳಿ, ಲೋಟ ಕೆಳಗಿಟ್ಟು, "ಸಾರ್, ಒಂದು ಕೇಳ್ತೀನಿ. ಹೋದ ಏಪ್ರಿಲಲ್ಲಿ ಬೆಳಿಗ್ಗೆ ಹೊತ್ತು ಹೆಂಗೆ ಸ್ಟಾರ್ಟ್ ಆಗ್ತಿತ್ತು?" ಎಂದರು.

"ಆಗ್ಲೂ ಒಂದೆರಡು ಸಲ ಜಾಸ್ತಿ ಸೆಲ್ಫ್ ಹೊಡೀಬೇಕಿತ್ತು."

"ಮಧ್ಯಾಹ್ನ ಊಟಕ್ಕೆ ನಿಲ್ಸಿದ್ರೆ?"

"ಮಧ್ಯಾಹ್ನ ಏನೂ ತೊಂದ್ರೆ ಇಲ್ಲ. ಒಂದೇ ಸಲಕ್ಕೆ."

"ಹಂಗಾದ್ರೆ ಚಳಿ ಎಲ್ಲಿಂದ ಬಂತು ಸಾರ್ ಮಧ್ಯದಲ್ಲಿ? ರಾತ್ರಿಯೆಲ್ಲ ನಿಂತಿದ್ದಕ್ಕೆ ಆಗಿರೋದು ಇದು. ಏರ್ ಹಿಡಿದೈತೆ."

ಇದನ್ನು ಕೇಳಿ ನನಗೆ ಬಹಳ ಸಂತೋಷವಾಯಿತು. ಚಳಿ ಬೇರೆ, ರಾತ್ರಿ ಬೇರೆ. ನಾವು ಎರಡನ್ನೂ ಒಂದೇ ಮಾಡಿಬಿಟ್ಟಿರುತ್ತೇವೆ. ಟ್ಯಾಂಕಿನಿಂದ ಪಂಪಿಗೆ ಬರುವ ಪೈಪಿನಲ್ಲಿ ಎಲ್ಲೋ ಒಂದು ಕ್ಲಿಪ್ಪು ಸಡಿಲವಾಗಿದೆ, ರಬ್ಬರು ಬಿರುಕು ಬಿಟ್ಟಿದೆ ಎನ್ನಿ. ಡೀಸೆಲ್ ಹೊರಗೆ ತೊಟ್ಟಿಕ್ಕುವಷ್ಟು ದೊಡ್ಡ ಬಿರುಕಲ್ಲ, ಗಾಳಿ ಒಳಕ್ಕೆ ನುಸುಳುವಷ್ಟು ಸಣ್ಣದು. ಗಾಡಿ ನಿಂತಾಗ ಪೈಪಿನಲ್ಲಿದ್ದ ಡೀಸೆಲ್ ಮೆಲ್ಲಮೆಲ್ಲಗೆ ಟ್ಯಾಂಕಿಗೆ ಹಿಂದಿರುಗುತ್ತದೆ, ಆ ಜಾಗಕ್ಕೆ ಗಾಳಿ ಬರುತ್ತದೆ. ಊಟದ ಅರ್ಧ ಗಂಟೆಯಲ್ಲಿ ಇದು ಆಗುವುದಿಲ್ಲ, ರಾತ್ರಿಯ ಹತ್ತು ಗಂಟೆಯಲ್ಲಿ ಆಗುತ್ತದೆ. ಬೆಳಿಗ್ಗೆ ಸೆಲ್ಫ್ ಹೊಡೆದರೆ ಪಂಪು ಗಾಳಿಯನ್ನು ತಳ್ಳುತ್ತದೆ, ಡೀಸೆಲ್ ಸಿಂಪಡಿಸುವ ನಾಝಲ್ ಬಾಯಿ ತೆರೆಯುವುದಿಲ್ಲ. ಮೇಸ್ತ್ರಿ ಫಿಲ್ಟರಿನ ಮೇಲಿನ ಬೋಲ್ಟ್ ಸಡಿಲಿಸಿ, ಫೀಡ್ ಪಂಪಿನ ಗುಂಡಿಯನ್ನು ಕೈಯಲ್ಲಿ ಒತ್ತುತ್ತ ಹೋದರು. ಮೊದಲು ನೊರೆ ಬಂತು, ಆಮೇಲೆ ಗುಳ್ಳೆ, ಕೊನೆಗೆ ನಿಚ್ಚಳ ಡೀಸೆಲ್. ಬೋಲ್ಟ್ ಬಿಗಿ ಮಾಡಿ ಸೆಲ್ಫ್ ಹೊಡೆದರೆ ಜೀಪು ತಕ್ಷಣ ಎದ್ದಿತು. ಹೊಸ ಪೈಪು, ಎರಡು ಕ್ಲಿಪ್ಪು, ಅಷ್ಟೇ ಖರ್ಚು. ಹೊರಗೆ ಬಿಸಿಲಿನ್ನೂ ಬಂದಿರಲಿಲ್ಲ.

ಆ ಮೇಸ್ತ್ರಿಯ ಇನ್ನೊಂದು ವಿದ್ಯೆ ಹೊಗೆ ಓದುವುದು. ಸೈಲೆನ್ಸರಿನ ಹಿಂದೆ ನಿಂತು ನೋಡಿಯೇ ಅರ್ಧ ರೋಗ ಹೇಳುತ್ತಾರೆ. ಸೆಲ್ಫ್ ಹೊಡೆಯುವಾಗ ಹೊಗೆಯೇ ಇಲ್ಲವೆಂದರೆ ಡೀಸೆಲ್ ಒಳಗೆ ಬರುತ್ತಲೇ ಇಲ್ಲ: ಏರ್ ಹಿಡಿದಿದೆ, ಇಲ್ಲವೇ ಫಿಲ್ಟರ್ ಕಟ್ಟಿದೆ. ಬಿಳಿ ಹೊಗೆ ಬಂದರೆ ಡೀಸೆಲ್ ಬರುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ: ಹೀಟರ್ ಸತ್ತಿದೆ, ಇಲ್ಲವೇ ಕಂಪ್ರೆಷನ್ ಸಾಲದು, ಇಲ್ಲವೇ ನಾಝಲ್ ಸಿಂಪಡಿಸುವ ಬದಲು ಹನಿಯುತ್ತಿದೆ. ನೀಲಿ ಹೊಗೆ ಎಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ, ಇಂಜಿನ್ ಕೆಲಸಕ್ಕೆ ದುಡ್ಡು ಜೋಡಿಸಿಕೊಳ್ಳಿ. ಕಪ್ಪು ಹೊಗೆಯಾದರೆ ಬರಬೇಕಾದ್ದಕ್ಕಿಂತ ಹೆಚ್ಚು ಡೀಸೆಲ್ ಬರುತ್ತಿದೆ, ಇಲ್ಲವೇ ಏರ್ ಫಿಲ್ಟರ್ ಮುಚ್ಚಿದೆ. ಸೆಲ್ಫ್ ಬರೀ ಟಕ್ ಎಂದು ನಿಂತರೆ ಅವರು ಮೊದಲು ಮುಟ್ಟುವುದು ಬ್ಯಾಟರಿಯನ್ನಲ್ಲ, ಬ್ಯಾಟರಿಯಿಂದ ಚಾಸಿಗೂ ಚಾಸಿಯಿಂದ ಇಂಜಿನ್ನಿಗೂ ಹೋಗುವ ಅರ್ತ್ ತಂತಿಯನ್ನು. ಮಲೆನಾಡಿನ ಮಳೆಗಾಲ ದಾಟಿ ಬಂದ ಗಾಡಿಯಲ್ಲಿ ಆ ತಂತಿಯ ತುದಿ ಹಸಿರುಗಟ್ಟಿ ತುಕ್ಕು ಹಿಡಿದಿರುತ್ತದೆ. ಎಷ್ಟೋ ಜನ ಅದನ್ನು ಉಜ್ಜಿಸುವ ಬದಲು ಹೊಸ ಬ್ಯಾಟರಿ ಕೊಳ್ಳುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಸುರಿದ ಮಳೆಯ ತಪ್ಪು ಡಿಸೆಂಬರಿನ ಲೆಕ್ಕಕ್ಕೆ ಬೀಳುತ್ತದೆ.

ಪಂಪು, ನಾಝಲ್ಲುಗಳಿಗೆ ಮಾತ್ರ ಮೇಸ್ತ್ರಿ ಕೈ ಹಾಕುವುದಿಲ್ಲ, ಪಂಪ್ ಕೆಲಸದವರಲ್ಲಿಗೇ ಕಳಿಸುತ್ತಾರೆ. ಹಳೇ ಗಾಡಿಗಳಲ್ಲಿ ಅದು ಬಹುಪಾಲು ಮೈಕೋ ಪಂಪು. 1951ರಲ್ಲಿ ಹುಟ್ಟಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಬೆಂಗಳೂರಿನ ಆಡುಗೋಡಿಯ ಮೈಕೋ. ಅದರೊಳಗಿನ ಭಾಗಗಳ ನಡುವಿನ ಸಂದು ತಲೆಗೂದಲಿಗಿಂತ ಎಷ್ಟೋ ಸಣ್ಣದು, ರಸ್ತೆ ಬದಿಯಲ್ಲಿ ಬಿಚ್ಚುವಂಥದ್ದಲ್ಲ. ಕನ್ನಡ ನೆಲದಲ್ಲಿ ಅಂಥ ನವಿರು ಕೆಲಸ ಆಗುತ್ತಿತ್ತು, ಇತ್ತ ಶಿವಮೊಗ್ಗದ ಬಳಿಯ ಮಾಚೇನಹಳ್ಳಿಯ ಫೌಂಡ್ರಿಗಳಲ್ಲಿ ಎರಕದ ಕೆಲಸ ಈಗಲೂ ನಡೆಯುತ್ತಿದೆ. ಕಬ್ಬಿಣ ಬಲ್ಲ ಕೈಗಳಿಗೆ ನಮ್ಮ ಜಿಲ್ಲೆಯಲ್ಲಿ ಎಂದೂ ಬರವಿರಲಿಲ್ಲ. ಭದ್ರಾವತಿಯ ಉಕ್ಕಿನ ಕಾರ್ಖಾನೆಯನ್ನೂ ಕಾಗದದ ಕಾರ್ಖಾನೆಯನ್ನೂ ಉಳಿಸಿಕೊಳ್ಳಲು ಕಾರ್ಮಿಕರು ಪಟ್ಟ ಪಾಡು ನೋಡಿದಾಗಲೆಲ್ಲ, ಆ ಕೈಗಳಲ್ಲಿದ್ದ ತಿಳಿವಳಿಕೆ ಯಾರ ಪಾಲಾಗುತ್ತದೋ ಎಂದು ನನಗೆ ಸಂಕಟವಾಗುತ್ತದೆ. ಆ ಕಾಗದದ ಕಾರ್ಖಾನೆ ಎಂಪಿಎಂಗೆ ಕಂಪನಿ ಕಟ್ಟಿದ್ದು 1936ರಲ್ಲಿ. ಅಲ್ಲಿಯ ನ್ಯೂಸ್‌ಪ್ರಿಂಟಿನಲ್ಲಿ ಅಚ್ಚಾದ ಪೇಪರುಗಳನ್ನು ನಾವೆಲ್ಲ ಓದಿ ಬೆಳೆದೆವು.

ಪೇಪರ್ ಎಂದೊಡನೆ ನೆನಪಾಯಿತು. ಪೇಪರನ್ನು ಸುರುಳಿ ಸುತ್ತಿ ಬೆಂಕಿ ಹಚ್ಚಿ ಏರ್ ಫಿಲ್ಟರಿನ ಬಾಯಿಗೆ ಹಿಡಿಯುವ ಪದ್ಧತಿಯೊಂದಿದೆ. ಒಳಗೆ ಹೋಗುವ ಗಾಳಿ ಬಿಸಿಯಾಗುತ್ತದೆ, ಇಂಜಿನ್ ಏಳುತ್ತದೆ, ನಿಜ. ಉರಿಯುವ ಚೂರು ಒಳಗೆ ಹೋಗುತ್ತದೆ, ಪಕ್ಕದಲ್ಲೇ ಡೀಸೆಲ್ ಹತ್ತಿದ ಬಟ್ಟೆ ಬಿದ್ದಿರುತ್ತದೆ, ಅದೂ ನಿಜ. ಇದಕ್ಕಿಂತ ಕೆಟ್ಟದ್ದು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆ ಹಿಡಿಯುವುದು, ಈಥರ್ ಸ್ಪ್ರೇ ಹೊಡೆಯುವುದು. ಹೀಟರ್ ಇರುವ ಇಂಜಿನ್ನಿಗಂತೂ ಇದನ್ನು ಮಾಡಲೇಬಾರದು. ಕೆಂಪಗೆ ಕಾದ ಹೀಟರಿಗೆ ಆ ಆವಿ ಸಿಕ್ಕರೆ ಪಿಸ್ಟನ್ ಮೇಲಕ್ಕೆ ಬರುವ ಮೊದಲೇ ಸಿಡಿಯುತ್ತದೆ. ರಿಂಗು ಮುರಿಯುತ್ತದೆ, ಪಿಸ್ಟನ್ ಒಡೆಯುತ್ತದೆ, ಕೈ ಮುಖ ಸುಡುತ್ತದೆ. ಸೆಲ್ಫನ್ನು ಒಂದೇ ಸಮ ಅರ್ಧ ನಿಮಿಷ ಒತ್ತಿ ಹಿಡಿಯುವುದೂ ಬೇಡ. ಹತ್ತು ಸೆಕೆಂಡು ಸಾಕು. ಆಮೇಲೆ ಅರ್ಧ ನಿಮಿಷ ಬಿಟ್ಟು, ಹೀಟರನ್ನು ಮತ್ತೆ ಹಾಕಿ ನೋಡಬೇಕು. ಮೂರು ಸಲಕ್ಕೆ ಆಗದಿದ್ದರೆ ನಾಲ್ಕನೆಯದಕ್ಕೂ ಆಗುವುದಿಲ್ಲ, ಬ್ಯಾಟರಿ ಮಾತ್ರ ಖಾಲಿಯಾಗುತ್ತದೆ.

ಸ್ಟಾರ್ಟ್ ಆದ ಮೇಲಿನ ಒಂದು ದುರಭ್ಯಾಸದ ಬಗ್ಗೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಇಂಜಿನ್ ಕಾಯಲಿ ಎಂದು ಗಾಡಿಯನ್ನು ಓಡುತ್ತಲೇ ಬಿಟ್ಟು ಒಳಗೆ ಹೋಗಿ ತಿಂಡಿ ತಿಂದು ಬರುವವರಿದ್ದಾರೆ. ನಿಂತಲ್ಲೇ ಓಡುವ ಡೀಸೆಲ್ ಇಂಜಿನ್ನು ಬೇಗ ಕಾಯುವುದೇ ಇಲ್ಲ. ಪೂರ್ತಿ ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದು ಕೆಳಗಿಳಿಸುತ್ತದೆ, ರಿಂಗು ಸವೆಯುವುದೇ ಆಗ. ಒಂದು ನಿಮಿಷ ಬಿಟ್ಟು ಮೆಲ್ಲಗೆ ಹೊರಟರೆ ಓಡುತ್ತಲೇ ಕಾಯುತ್ತದೆ. ಆ ಹೊಗೆ ಹೋಗುವುದಾದರೂ ಎಲ್ಲಿಗೆ? ಮಂಜು ಕೂತ ಬೆಳಗಿನಲ್ಲಿ ಗಾಳಿ ಆಡುವುದಿಲ್ಲ. ದುರ್ಗಿಗುಡಿಯ ಇಕ್ಕಟ್ಟಿನ ಬೀದಿಗಳಲ್ಲಿ, ಬಸ್‌ಸ್ಟ್ಯಾಂಡಿನ ಒಳಗೆ ಅದು ಅಲ್ಲಲ್ಲೇ ನಿಂತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಗೆ ಸೇರಿಸಿದೆ. ಪಕ್ಕದ ಮನೆಯಲ್ಲಿ ಉಬ್ಬಸದ ಅಜ್ಜ ಇದ್ದಾರೆಂದು ಗೊತ್ತಿದ್ದೂ ಅವರ ಕಿಟಕಿಗೆ ಸೈಲೆನ್ಸರ್ ತಿರುಗಿಸಿ ಗಾಡಿ ನಿಲ್ಲಿಸುವುದು ಸಣ್ಣ ತಪ್ಪಲ್ಲ.

2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಗಾಡಿಗಳಿಗೆ ಈ ಯಾವ ಗೋಜೂ ಇಲ್ಲ. ಹೀಟರಿನ ದೀಪ ಕಣ್ಣು ಮಿಟುಕಿಸುವಷ್ಟರಲ್ಲಿ ಆರುತ್ತದೆ. ಹಳೆಯವುಗಳಿಗೆ 15 ವರ್ಷ ತುಂಬಿದ ಮೇಲೆ ಎಫ್‌ಸಿ, ಹಸಿರು ತೆರಿಗೆ, ಮರುನೋಂದಣಿ. ಸರ್ಕಾರಿ ಗಾಡಿಗಳಾದರೆ 2023ರ ಏಪ್ರಿಲ್‌ನಿಂದ ಗುಜರಿಗೇ. ಹಳೇ ಗಾಡಿಯನ್ನು ಪ್ರೀತಿಯಿಂದ ಇಟ್ಟುಕೊಂಡವರ ಮೇಲೆ ನನಗೆ ಗೌರವವಿದೆ, ಆದರೆ ಒಂದು ಷರತ್ತಿನ ಮೇಲೆ: ಅದನ್ನು ಸರಿಯಾಗಿ ಇಟ್ಟುಕೊಳ್ಳಬೇಕು. ಬಿಳಿ ಹೊಗೆ ಐದು ನಿಮಿಷವಾದರೂ ನಿಲ್ಲದ, ಬೀದಿಯನ್ನೆಲ್ಲ ಕೆಮ್ಮಿಸುವ ಗಾಡಿಯ ಮೇಲೆ ತೋರಿಸುವುದು ಪ್ರೀತಿಯಲ್ಲ. ರಿಪೇರಿ ಮಾಡಿಸಲಾಗದಿದ್ದರೆ ಬಿಟ್ಟುಕೊಡುವುದೇ ಸರಿ.

ಹಾಗಾಗಿ ಹಳೇ ಡೀಸೆಲ್ ಗಾಡಿ ಇರುವವರಲ್ಲಿ ನನ್ನ ಕೋರಿಕೆ ಇಷ್ಟು. ಆಯುಧಪೂಜೆಗೆ ಗಾಡಿ ತೊಳೆಯುತ್ತೀರಲ್ಲ, ಅದೇ ವಾರ ಮೇಸ್ತ್ರಿಯ ಬಳಿಗೂ ಒಯ್ಯಿರಿ. ಹೀಟರ್ ನಾಲ್ಕನ್ನೂ ಬಿಚ್ಚಿಸಿ ಬ್ಯಾಟರಿಗೆ ಕೊಟ್ಟು ನೋಡಿಸಿ, ಕೆಂಪಾಗದ್ದನ್ನು ಬದಲಿಸಿ. ಅರ್ತ್ ತಂತಿಯ ಎರಡೂ ತುದಿ ಉಜ್ಜಿಸಿ. ಡೀಸೆಲ್ ಪೈಪಿನ ರಬ್ಬರು, ಕ್ಲಿಪ್ಪುಗಳನ್ನು ಹೊಸದು ಹಾಕಿಸಿ, ಫಿಲ್ಟರಿನ ನೀರು ಬಿಡಿಸಿ. ಕಂಪನಿ ಹೇಳಿದ ಗ್ರೇಡಿನ ಆಯಿಲನ್ನೇ ಹಾಕಿಸಿ. ಇಂಜಿನ್ ಹಳತಾಯಿತೆಂದು ಇನ್ನೂ ದಪ್ಪದ್ದನ್ನು ಸುರಿಸಬೇಡಿ. ಇಷ್ಟು ಮಾಡಿಸಿದ ಮೇಲೂ ಜನವರಿಯ ಬೆಳಿಗ್ಗೆ ಗಾಡಿ ಏಳದಿದ್ದರೆ, ಕಂಪ್ರೆಷನ್ ಚೆಕ್ ಮಾಡಿಸಿ.